ಸೊಕ್ಕು ಯಾರದು, ಗತ್ತು ಯಾರದು?

ಪ್ರಶ್ನೆ: ಮೇಷ್ಟ್ರೇ, ನಾನು ಎದುರು ಮಾತಾಡಿದರೆ ಮನೆಯಲ್ಲಿ ‘ಇವಳಿಗೆ ಸೊಕ್ಕು ಜಾಸ್ತಿ’ ಅಂತಾರೆ. ಅದೇ ಮಾತನ್ನು ಅಣ್ಣ ಆಡಿದರೆ ‘ಅವನ ಗತ್ತೇ ಬೇರೆ’ ಅಂತಾರೆ. ಸೊಕ್ಕು, ಕೊಬ್ಬು, ಜಂಬ, ಧಿಮಾಕು ಎಲ್ಲ ಒಂದೇನಾ?
– ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಒಂದೇ ಅಲ್ಲಮ್ಮ. ನಿನ್ನ ಮನೆಯವರಿಗೂ ಅದು ಗೊತ್ತು. ಅದಕ್ಕೇ ನಿನಗೊಂದು, ಅಣ್ಣನಿಗೊಂದು ಪದ ಆರಿಸಿಕೊಂಡಿದ್ದಾರೆ.

ಸೊಕ್ಕು ನಮ್ಮದೇ ಪದ. ಮೊದಲ ಅರ್ಥ ಅಮಲು. ಹಳಗನ್ನಡದಲ್ಲಿ ‘ಸೊರ್ಕಾನೆ’ ಅಂದರೆ ಮದವೇರಿದ ಆನೆ. ನಮ್ಮ ಸಾಗರದ ಕಡೆ ಈ ಹಳೇ ಅರ್ಥ ಇನ್ನೂ ಬಳಕೆಯಲ್ಲಿದೆ. ರೂಢಿ ಇಲ್ಲದವರು ಹಸಿ ಅಡಿಕೆ ಹಾಕಿಕೊಂಡರೆ ಕಿವಿ ಬಿಸಿಯಾಗುತ್ತದೆ, ಹಣೆಯಲ್ಲಿ ಬೆವರು ಕಿತ್ತುಕೊಳ್ಳುತ್ತದೆ, ತಲೆ ಗಿರ್ರನೆ ತಿರುಗುತ್ತದೆ. ‘ಅಡಿಕೆ ಸೊಕ್ಕಿತು’ ಅನ್ನುತ್ತಾ ಜಗಲಿಯಲ್ಲಿ ಗಾಳಿಗೆ ಕೂರಿಸಿ ತಣ್ಣೀರು ಕುಡಿಸುತ್ತಾರೆ. ಅಲ್ಲಿ ಬೈಗುಳ ಇಲ್ಲವೇ ಇಲ್ಲ, ಕಾಳಜಿಯೇ ಇದೆ. ಹಣ, ಅಧಿಕಾರ, ಪ್ರಾಯ ನೆತ್ತಿಗೇರಿದವನಿಗೂ ಹೀಗೇ ಮೈಮೇಲೆ ಎಚ್ಚರ ಇರುವುದಿಲ್ಲ. ಬೈಗುಳದ ಸೊಕ್ಕು ಹುಟ್ಟಿದ್ದು ಅಲ್ಲಿಂದ.

ಕೊಬ್ಬು ಇದರ ನೆಂಟ. ‘ತಿಂದದ್ದು ಜಾಸ್ತಿಯಾಗಿದೆ’ ಅನ್ನುತ್ತಾರಲ್ಲ, ಅದೇ. ಧಿಮಾಕು ಬೇರೆ ಕಡೆಯಿಂದ ಬಂದದ್ದು. ಅರಬ್ಬಿ, ಪಾರಸಿಯಲ್ಲಿ ಮಿದುಳಿಗೆ ಹೇಳುವ ‘ದಿಮಾಗ್’ ನಮ್ಮಲ್ಲಿಗೆ ಬಂದು ತಲೆ ತಿರುಗಿದವನ ಗುಣವಾಯಿತು. ದೌಲತ್ತೂ ಹಾಗೇ. ಅದರ ಮೂಲ ಅರ್ಥ ಸಂಪತ್ತು, ರಾಜ್ಯಾಧಿಕಾರ. ಈಗ ಆ ಅಧಿಕಾರದ ದರ್ಪಕ್ಕೇ ಆ ಹೆಸರು.

ಜಂಬ ಇವೆಲ್ಲಕ್ಕಿಂತ ಸಾಧು. ಹೊಸ ಲಂಗ ಉಟ್ಟು ಬೀದಿ ತುಂಬಾ ಓಡಾಡುವ ಮಗುವನ್ನು ‘ಜಂಬದ ಕೋಳಿ’ ಅಂತ ಮುದ್ದಾಗಿಯೇ ಕರೆಯುತ್ತೇವೆ. ಜಂಬಕ್ಕೆ ನೋಡುವವರು ಬೇಕು, ಕೇಳುವವರು ಬೇಕು. ಗರ್ವಕ್ಕೆ ಯಾರೂ ಬೇಡ, ಒಳಗೇ ಕೂತಿರುತ್ತದೆ.

ಈ ಪದಗಳ ಜೊತೆ ಬರುವ ಕ್ರಿಯಾಪದ ಗಮನಿಸು. ಜಂಬ ಕೊಚ್ಚಿಕೊಳ್ಳುತ್ತಾರೆ, ಅಂದರೆ ಮಾಡುವವರೇ ಮಾಡಿಕೊಳ್ಳುತ್ತಾರೆ. ಸೊಕ್ಕನ್ನು ಮಾತ್ರ ಬೇರೆಯವರು ಮುರಿಯುತ್ತಾರೆ, ಅಡಗಿಸುತ್ತಾರೆ. ಕೊಬ್ಬು ಇಳಿಸುತ್ತಾರೆ. ಮುರಿಯುವ, ಇಳಿಸುವ ಕೈ ಯಾವಾಗಲೂ ಮೇಲಿನದು. ಕೂಲಿ ಹೆಚ್ಚು ಕೇಳಿದ ಆಳಿಗೆ ಸೊಕ್ಕು. ಅತ್ತೆಗೆ ಉತ್ತರ ಕೊಟ್ಟ ಸೊಸೆಗೆ ಸೊಕ್ಕು. ಆಳು ಧಣಿಯ ಬಗ್ಗೆ ಹಾಗಂದುಕೊಂಡರೂ ಹಿಂದಿನಿಂದ ಅನ್ನಬೇಕು, ಎದುರಿಗೆ ಅಲ್ಲ. ಧಣಿಗಾದರೆ ‘ಗತ್ತು’, ‘ಠೀವಿ’ ಅಂತ ಮೆಚ್ಚುಗೆಯ ಪದಗಳು ಕಾದಿರುತ್ತವೆ.

ಇದನ್ನು ತಿರುಗಿಸಿ ನಿಲ್ಲಿಸಿದವರು 12ನೇ ಶತಮಾನದ ಬಸವಣ್ಣನವರು. ಅವರ ವಚನವೊಂದರಲ್ಲಿ ‘ಸಿರಿಗರ’ ಅನ್ನುವ ಪದ ಇದೆ. ಗರ ಅಂದರೆ ಗ್ರಹ, ಮೈಮೇಲೆ ಬರುವ ದೆವ್ವ. ಹಾವು ಕಚ್ಚಿದವರನ್ನು ಮಾತಾಡಿಸಬಹುದು, ಗರ ಬಡಿದವರನ್ನೂ ಮಾತಾಡಿಸಬಹುದು, ಸಿರಿಗರ ಬಡಿದವರನ್ನು ಮಾತ್ರ ಆಗುವುದಿಲ್ಲ ಅನ್ನುತ್ತಾರೆ. ಅದನ್ನು ಬಿಡಿಸುವ ಮಂತ್ರವಾದಿ ಬಡತನವಂತೆ. ಕಾಯಿಲೆ ಇರುವುದು ಉಳ್ಳವರಿಗೆ ಅಂತ ಇಷ್ಟು ನೇರವಾಗಿ ಹೇಳುವ ಇನ್ನೊಂದು ಪದ ನನಗಂತೂ ಸಿಕ್ಕಿಲ್ಲ. ಇದು ಪಠ್ಯದಲ್ಲಿ ಮಾತ್ರ ಉಳಿದಿರುವುದು ನನಗೆ ಬೇಸರದ ಸಂಗತಿ. ದಿನದ ಮಾತಿಗೆ ಬರಬೇಕಾದ ಪದ.

ಇನ್ನು ನಿನ್ನ ವಿಷಯ. ಕಾರಣ ಕೊಟ್ಟು ಎದುರು ಮಾತಾಡುವುದು ಸೊಕ್ಕಲ್ಲ. ದೊಡ್ಡವರ ಮಾತು ಪೂರ್ತಿ ಕೇಳಿಸಿಕೊಂಡು ಆಮೇಲೆ ನಿನ್ನದು ಹೇಳು. ಆಗಲೂ ಸೊಕ್ಕು ಅಂದರೆ, ಅಣ್ಣನಿಗೆ ಯಾಕೆ ಆ ಪದ ಇಲ್ಲ ಅಂತ ಅಪ್ಪ ಅಮ್ಮನನ್ನೇ ಕೇಳು. ಕೇಳಲೇಬೇಕಾದ ಪ್ರಶ್ನೆ ಅದು.

ಪ್ರಶ್ನೆ: ನಮ್ಮೂರ ಶಾಲೆಯ ವಾರ್ಷಿಕೋತ್ಸವದ ಬ್ಯಾನರಿನಲ್ಲಿ ‘ಗರ್ವದ ಕ್ಷಣ’ ಅಂತ ಬರೆಸಿದ್ದಾರೆ. ಸರಿಯಾ?
– ಪೋಷಕರೊಬ್ಬರು, ಹಾವೇರಿ

ಉತ್ತರ: ಸರಿಯಲ್ಲ. ಹಿಂದಿಯಲ್ಲಿ ‘ಗರ್ವ್’ ಒಳ್ಳೆಯ ಅರ್ಥದಲ್ಲೂ ನಡೆಯುತ್ತದೆ. ಜಾಹೀರಾತುಗಳನ್ನು ಅಲ್ಲಿಂದ ಹಾಗೆಹಾಗೇ ಇಳಿಸಿಕೊಳ್ಳುವುದರಿಂದ ಈ ತೊಂದರೆ. ಕನ್ನಡದಲ್ಲಿ ಗರ್ವ ಅಂದಕೂಡಲೇ ನೆನಪಾಗುವುದು ಗರ್ವಭಂಗ. ಸೌಗಂಧಿಕಾ ಪುಷ್ಪಕ್ಕೆ ಹೊರಟ ಭೀಮ ದಾರಿಗೆ ಅಡ್ಡ ಬಿದ್ದ ಮುದಿ ಕಪಿಯ ಬಾಲ ಎತ್ತಲಾಗದೆ ನಿಂತನಲ್ಲ, ಅದು. ಮಕ್ಕಳು ಬಹುಮಾನ ತಗೊಳ್ಳುವ ವೇದಿಕೆ ಹಿಂದೆ ಆ ಪದ ಯಾಕೆ?

‘ಹೆಮ್ಮೆಯ ಕ್ಷಣ’ ಅಂತ ಬರೆಸಿ. ಹಳಗನ್ನಡದ ‘ಪೆರ್ಮೆ’, ಅಂದರೆ ಹಿರಿಮೆ, ಬದಲಾಗಿ ಬಂದ ಪದ ಅದು. ಗರ್ವದ, ಹೆಮ್ಮೆಯ ಎರಡೂ ಮೂರಕ್ಷರ. ಇರುವ ಬ್ಯಾನರಿನ ಮೇಲೇ ಒಂದು ಪಟ್ಟಿ ಅಂಟಿಸಿದರೆ ಈ ವರ್ಷಕ್ಕೆ ಸಾಕು.