ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಅಷ್ಟೊಂದು ಹೆಸರು ಬಂದದ್ದು ಹೇಗೆ?

ಒಂದೇ ಕಾಲದಲ್ಲಿ, ಒಂದೇ ಕಡೆ ಒಳ್ಳೆಯ ಮೇಷ್ಟ್ರುಗಳು ಸೇರಿದ್ದರಿಂದ. ದೆಹಲಿ ವಿಶ್ವವಿದ್ಯಾಲಯದ ಈ ಸಂಸ್ಥೆಯನ್ನು 1949ರಲ್ಲಿ ಕಟ್ಟಿದವರು ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದವರು, ಸಾಮಾಜಿಕ, ಆರ್ಥಿಕ ಬದಲಾವಣೆಯ ಬಗ್ಗೆ ಸಂಶೋಧನೆ ಮಾಡುವ ಬೆಂಗಳೂರಿನ ಐಸೆಕ್ ಸಂಸ್ಥೆಯನ್ನು ಶುರು ಮಾಡಿದವರು ಇವರೇ.

1960ರ ದಶಕದಲ್ಲಿ ಇಲ್ಲಿ ಹೆಸರಾಂತ ಅರ್ಥಶಾಸ್ತ್ರಜ್ಞರಾದ ಕೆ.ಎನ್. ರಾಜ್, ಸುಖಮಯ್ ಚಕ್ರವರ್ತಿ, ಜಗದೀಶ್ ಭಗವತಿ, ಅಮರ್ತ್ಯ ಸೇನ್ ಪಾಠ ಮಾಡಿದರು. ದಶಕದ ಕೊನೆಗೆ ಮನಮೋಹನ್ ಸಿಂಗ್ ಕೂಡ ಬಂದರು. ಸೇನ್ ಇಲ್ಲಿಗೆ ಬಂದದ್ದು 1963ರಲ್ಲಿ. ಆಗ ಅವರಿಗೆ ಇನ್ನೂ 30 ವರ್ಷ ತುಂಬಿರಲಿಲ್ಲ! ವಯಸ್ಸು ನೋಡದೆ ಕೆಲಸ ನೋಡಿ ಪ್ರೊಫೆಸರ್ ಮಾಡಿದ್ದು ದೊಡ್ಡ ಮಾತು ಅಲ್ವಾ?

ಇಂಥವರು ಅಕ್ಕಪಕ್ಕದಲ್ಲಿದ್ದರೆ ಸಂಶೋಧನೆ ತಾನಾಗಿ ಗಟ್ಟಿಯಾಗುತ್ತದೆ. ಬರೆದದ್ದನ್ನು ಅಚ್ಚಿಗೆ ಕಳಿಸುವ ಮೊದಲೇ ತಪ್ಪು ಹಿಡಿಯುವವರು ಪಕ್ಕದ ಕೋಣೆಯಲ್ಲೇ ಇರುತ್ತಾರೆ. ವಿದ್ಯಾರ್ಥಿಗೆ ಸುಮ್ನೆ ಹಳೇ ನೋಟ್ಸ್ ಸಿಗುವುದಿಲ್ಲ, ಇನ್ನೂ ಬಿಡಿಸದ ಪ್ರಶ್ನೆ ಸಿಗುತ್ತದೆ. ಒಬ್ಬೊಬ್ಬರ ಇಚ್ಛೆಗಳನ್ನು ಸೇರಿಸಿ ಇಡೀ ಸಮಾಜ ಹೇಗೆ ತೀರ್ಮಾನಿಸಬೇಕು ಎಂಬ ಪ್ರಶ್ನೆಯ ಮೇಲೆ ಸೇನ್ ಇಲ್ಲಿದ್ದಾಗ ತುಂಬಾ ಕೆಲಸ ಮಾಡಿದರು. 1998ರಲ್ಲಿ ಅವರಿಗೆ ಬಂದ ನೊಬೆಲ್‌ಗೆ ಆ ಕೆಲಸವೂ ಒಂದು ಕಾರಣ.