ಓದುಗರ ಪ್ರಶ್ನೆ: ಅರ್ಧ ಗಂಟೆ ಅಂದ್ರೆ ಅರ್ಧ ನಿಮಿಷಕ್ಕೇ ಮೋಟರ್ ಆಫ್ ಆಗುತ್ತೆ, ಯಾಕೆ?

ಪ್ರಶ್ನೆ: ಸರ್, ಅಡಿಕೆ ತೋಟದ ಡ್ರಿಪ್‌ಗೆ ಆರ್ಡುಯಿನೋ ಯೂನೋ (ಪ್ರೋಗ್ರಾಮ್ ಬರೆದು ಓಡಿಸೋ ಪುಟ್ಟ ಬೋರ್ಡ್) ಹಾಕಿ ರಿಲೇ (ಬೋರ್ಡ್ ಹೇಳಿದಂತೆ ಆನ್ ಆಫ್ ಆಗೋ ಸ್ವಿಚ್) ಮೂಲಕ ಸ್ಟಾರ್ಟರ್ ಆನ್ ಆಫ್ ಮಾಡಿಸ್ತಿದೀನಿ. ಅರ್ಧ ಗಂಟೆ ಓಡ್ಲಿ ಅಂತ, ಇಷ್ಟು ಹೊತ್ತು ಕಾಯಿ ಅಂತ ಹೇಳೋ ಡಿಲೇ ಫಂಕ್ಷನ್ ಒಳಗೆ 30 * 60 * 1000 ಅಂತ ಬರೆದೆ, ಮೋಟರ್ ಅರ್ಧ ನಿಮಿಷಕ್ಕೇ ನಿಲ್ಲುತ್ತೆ. ಬೋರ್ಡ್ ಬದಲಾಯಿಸಿದ್ರೂ ಅಷ್ಟೇ. ರಿಲೇ ಹೋಗಿರ್ಬೇಕು ಅಂತಾರೆ ಗೊತ್ತಿರೋರು. (ಓದುಗರು, ಚನ್ನಗಿರಿ)

ಉತ್ತರ: ರಿಲೇಗೆ ದುಡ್ಡು ಹಾಕ್ಬೇಡಿ, ಬೋರ್ಡೂ ಚೆನ್ನಾಗೇ ಇದೆ, ತಪ್ಪಿರೋದು ಆ ಗುಣಾಕಾರದಲ್ಲಿ. ಯೂನೋದಲ್ಲಿ (ಆರ್3 ವರೆಗಿನ ಬೋರ್ಡ್‌ಗಳಲ್ಲಿ) ಇಂಟ್, ಅಂದ್ರೆ ಪೂರ್ಣಾಂಕ ಇಡೋ ಜಾಗ, 16 ಬಿಟ್, 32,767ಕ್ಕಿಂತ ದೊಡ್ಡ ಸಂಖ್ಯೆ ಅದ್ರಲ್ಲಿ ಹಿಡಿಯಲ್ಲ. 30, 60, 1000 ಮೂರೂ ಚಿಕ್ಕವು ಆದ್ದರಿಂದ ಗುಣಾಕಾರನೂ 16 ಬಿಟ್‌ನಲ್ಲೇ ನಡೆಯುತ್ತೆ, ಬರ್ಬೇಕಾದ್ದು 18,00,000, ಅದು ಹಿಡಿಯದೆ 65,536ರ ಲೆಕ್ಕದಲ್ಲಿ 27 ಸುತ್ತು ಹೋಗಿ ಕೊನೆಗೆ ಉಳಿಯೋದು 30,528. ಡಿಲೇ ಇದನ್ನ ಮಿಲಿಸೆಕೆಂಡ್ ಅಂತ ತಗೊಳ್ಳುತ್ತೆ, ಅಂದ್ರೆ ಮೂವತ್ತೂವರೆ ಸೆಕೆಂಡ್, ನೀವು ನೋಡಿದ ಅರ್ಧ ನಿಮಿಷ ಅದೇ. ಡಿಲೇ ತಾನೇನೋ 32 ಬಿಟ್ ಸಂಖ್ಯೆನೇ ತಗೊಳ್ಳೋದು, ಆದ್ರೆ ಅದರ ಕೈಗೆ ಸಿಗೋಷ್ಟರಲ್ಲಿ ಲೆಕ್ಕ ಕೆಟ್ಟಾಗಿರುತ್ತೆ. 30ಕ್ಕೆ ಅಂಟಿಸಿ ಯುಎಲ್ ಅನ್ನೋ ಎರಡು ಇಂಗ್ಲಿಷ್ ಅಕ್ಷರ ಹಾಕಿ (30UL), ಅಂದ್ರೆ ಅನ್‌ಸೈನ್ಡ್ ಲಾಂಗ್, ಮೈನಸ್ ಇಲ್ಲದ 32 ಬಿಟ್ ಸಂಖ್ಯೆ, ಪೂರ್ತಿ ಗುಣಾಕಾರ 32 ಬಿಟ್‌ನಲ್ಲಿ ನಡೆದು ಸರಿ ಹೋಗುತ್ತೆ.

ನಂಗೆ ಇದಕ್ಕಿಂತ ಭಯ ಆಗೋದು 60 * 1000 ನೋಡಿದ್ರೆ. ನೇರವಾಗಿ 60000 ಅಂತ ಬರೆದ್ರೆ ತೊಂದ್ರೆ ಇಲ್ಲ, ಇಂಟ್‌ನಲ್ಲಿ ಹಿಡಿಯಲ್ಲ ಅಂತ ಕಂಪೈಲರ್ (ನೀವು ಬರೆದದ್ದನ್ನ ಚಿಪ್‌ಗೆ ಅರ್ಥ ಆಗೋ ಹಾಗೆ ಮಾಡೋ ಸಾಫ್ಟ್‌ವೇರ್) ತಾನೇ ಅದನ್ನ 32 ಬಿಟ್‌ನ ಲಾಂಗ್ ಮಾಡ್ಕೊಳ್ಳುತ್ತೆ. ಗುಣಾಕಾರ ಮಾಡಿ ಬರೆದ್ರೆ ಮಾತ್ರ ಮೈನಸ್ 5,536 ಬರುತ್ತೆ, ಡಿಲೇಗೆ ಮೈನಸ್ ಅನ್ನೋದೇ ಇಲ್ಲ, ಅದು 4,29,49,61,760 ಅಂತ ಓದ್ಕೊಂಡು 49 ದಿನಕ್ಕೂ ಹೆಚ್ಚು ಕಾಯುತ್ತೆ. ಒಂದು ನಿಮಿಷ ಓಡ್ಬೇಕಾದ ಮೋಟರ್ ಕರೆಂಟ್ ಇರೋವರೆಗೂ ಓಡ್ತಾನೇ ಇರುತ್ತೆ, ಬೋರ್‌ನಲ್ಲಿ ನೀರು ಕಮ್ಮಿ ಇದ್ರೆ ಸುಟ್ಟು ಹೋಗೋದೂ ಉಂಟು. ದಯವಿಟ್ಟು ಐಡಿಇ, ಅಂದ್ರೆ ಪ್ರೋಗ್ರಾಮ್ ಬರೆಯೋ ಆರ್ಡುಯಿನೋ ಸಾಫ್ಟ್‌ವೇರ್, ಅದರ ಪ್ರಿಫರೆನ್ಸಸ್‌ಗೆ ಹೋಗಿ ಕಂಪೈಲರ್ ವಾರ್ನಿಂಗ್ಸ್ ಅನ್ನೋದನ್ನ ಆಲ್ ಅಂತ ಇಡಿ, ಮೊದಲಿಂದ ಅದು ನನ್ (None, ಯಾವುದೂ ಬೇಡ) ಅಂತಿರುತ್ತೆ, ಹಾಗಾಗಿ ಇಂಥ ತಪ್ಪನ್ನ ಕಂಪೈಲರ್ ಕಂಡ್ರೂ ನಿಮಗೆ ಹೇಳಲ್ಲ.

ಪ್ರಶ್ನೆ: ಡಿಲೇ ನಡೀತಿರುವಾಗ ಸ್ಟಾಪ್ ಬಟನ್ ಒತ್ತಿದ್ರೆ ಏನೂ ಆಗಲ್ಲ. ಬಟನ್ ವೈರಿಂಗ್ ಸರಿ ಇದೆ. (ಓದುಗರು, ಹಾಸನ)

ಉತ್ತರ: ಡಿಲೇ ಒಳಗೆ ಇರೋದು ಬರೀ ಒಂದು ಲೂಪ್, ಮೈಕ್ರೋಸೆಕೆಂಡ್ ಎಣಿಸೋ ಮೈಕ್ರೋಸ್ ಫಂಕ್ಷನ್ನ ಮತ್ತೆ ಮತ್ತೆ ಕೇಳ್ತಾ ಟೈಮ್ ಆಯ್ತಾ ಅಂತ ನೋಡ್ತಿರುತ್ತೆ, ಅದು ಮುಗಿಯೋವರೆಗೂ ನಿಮ್ಮ ಬಟನ್ ಓದೋ ಸಾಲಿಗೆ ಪ್ರೋಗ್ರಾಮ್ ಬರೋದೇ ಇಲ್ಲ. ಮೋಟರ್ ಥರದ ಕೆಲಸಕ್ಕೆ ಡಿಲೇ ಬೇಡವೇ ಬೇಡ. ಶುರು ಆದಾಗ ಮಿಲಿಸ್ (ಬೋರ್ಡ್ ಆನ್ ಆದಾಗಿನಿಂದ ಮಿಲಿಸೆಕೆಂಡ್ ಎಣಿಸೋ ಫಂಕ್ಷನ್) ಎಷ್ಟಿತ್ತು ಅಂತ ಒಂದು ಕಡೆ ಬರೆದಿಟ್ಕೊಂಡು, ನಿಮ್ಮ ಪ್ರೋಗ್ರಾಮ್‌ನ ಮುಖ್ಯ ಲೂಪ್‌ನ ಪ್ರತಿ ಸುತ್ತಿನಲ್ಲೂ ಬಟನ್ನೂ ನೋಡಿ, ಎಷ್ಟು ಹೊತ್ತಾಯ್ತು ಅಂತನೂ ನೋಡಿ.

ಪ್ರಶ್ನೆ: ಮಿಲಿಸ್ ಉಪಯೋಗಿಸಿದ್ರೆ 50 ದಿನಕ್ಕೆ ಹ್ಯಾಂಗ್ ಆಗುತ್ತಂತೆ, ತಿಂಗಳಿಗೊಂದ್ಸಲ ರೀಸೆಟ್ ಮಾಡಿ ಅಂತ ಗೆಳೆಯ ಹೇಳ್ದ. ನಿಜಾನಾ? (ಓದುಗರು, ಗದಗ)

ಉತ್ತರ: ಹ್ಯಾಂಗ್ ಆಗಲ್ಲ, ರೀಸೆಟ್ ಬೇಕಿಲ್ಲ. ಮಿಲಿಸ್ 32 ಬಿಟ್ ಎಣಿಕೆ, ಸುಮಾರು 49.7 ದಿನಕ್ಕೆ ತುಂಬಿ ಮತ್ತೆ ಸೊನ್ನೆಯಿಂದ ಶುರು ಆಗುತ್ತೆ. ಕೆಡೋದು ನಾವು ಕೇಳೋ ರೀತಿಯಿಂದ. ಶುರುವಿಗೆ ಅವಧಿ ಕೂಡಿಸಿ, ಈಗಿನ ಎಣಿಕೆ ಅದನ್ನ ದಾಟ್ತಾ ಅಂತ ಕೇಳಿದ್ರೆ ತಪ್ಪು, ಈಗಿನದ್ರಲ್ಲಿ ಶುರು ಕಳೆದು ಅವಧಿಯಷ್ಟು ಆಯ್ತಾ ಅಂತ ಕೇಳಿದ್ರೆ ಸರಿ. ಲೆಕ್ಕ ಹಾಕಿ ನೋಡಿ: ಶುರು 4,29,49,67,000 ಇತ್ತು, ಅವಧಿ ಒಂದು ಸೆಕೆಂಡ್ ಅಂದ್ರೆ 1000. ಕೂಡಿಸಿದ್ರೆ ಸುತ್ತು ಹೋಗಿ 704 ಬರುತ್ತೆ, ಈಗಿನ ಎಣಿಕೆ ಅದಕ್ಕಿಂತ ಎಷ್ಟೋ ದೊಡ್ಡದು, ಹಾಗಾಗಿ ಆಗ್ಲೇ ಟೈಮ್ ಆಯ್ತು ಅಂತ ಮೋಟರ್ ತಕ್ಷಣ ನಿಲ್ಲುತ್ತೆ. ಕಳೆಯೋ ದಾರಿಯಲ್ಲಿ ಎಣಿಕೆ ಸೊನ್ನೆ ದಾಟಿ 704ಕ್ಕೆ ಬಂದಾಗ 704ರಲ್ಲಿ ಆ ದೊಡ್ಡ ಸಂಖ್ಯೆ ಕಳೆದ್ರೆ 32 ಬಿಟ್‌ನಲ್ಲಿ ಸರಿಯಾಗಿ 1000 ಬರುತ್ತೆ. ಶುರು ಬರೆದಿಡೋ ವೇರಿಯಬಲ್ ಮಾತ್ರ ಅನ್‌ಸೈನ್ಡ್ ಲಾಂಗ್ ಇರ್ಲೇಬೇಕು, ಇಂಟ್‌ನಲ್ಲಿ ಇಟ್ರೆ ಇದ್ಯಾವುದೂ ನಡೆಯಲ್ಲ.

ಇನ್ನೊಂದು, ಮಿಲಿಸ್ ಇಷ್ಟಕ್ಕೆ ಸಮ ಆಯ್ತಾ ಅಂತ ಯಾವತ್ತೂ ಕೇಳ್ಬೇಡಿ. ಯೂನೋದ 16 ಮೆಗಾಹರ್ಟ್ಸ್ ಗಡಿಯಾರನ 64ರಿಂದ ಭಾಗಿಸಿ ಚಿಪ್ ಒಳಗಿನ ಟೈಮರ್ 0ಗೆ ಕೊಟ್ಟಿರ್ತಾರೆ, ಅದು 4 ಮೈಕ್ರೋಸೆಕೆಂಡ್‌ಗೊಂದು ಹೆಜ್ಜೆ ಇಟ್ಟು 256 ಹೆಜ್ಜೆಗೆ ತುಂಬುತ್ತೆ, ಅಂದ್ರೆ 1,024 ಮೈಕ್ರೋಸೆಕೆಂಡ್, ಒಂದು ಮಿಲಿಸೆಕೆಂಡ್‌ಗಿಂತ 24 ಜಾಸ್ತಿ. ಆ ಜಾಸ್ತಿನ ಲೈಬ್ರರಿ ಕೂಡಿಟ್ಟು ಸುಮಾರು 42 ಸಲಕ್ಕೊಮ್ಮೆ ಎಣಿಕೆನ ಒಂದರ ಬದಲು ಎರಡು ಮುಂದಕ್ಕೆ ಹಾಕುತ್ತೆ. ನಡುವಿನ ಸಂಖ್ಯೆ ಬರೋದೇ ಇಲ್ಲ. ನೀವು ಕಾಯ್ತಿದ್ದ ಸಂಖ್ಯೆ ಅದೇ ಆಗಿದ್ರೆ ಮೋಟರ್ ಆಫ್ ಆಗೋದೂ ಇಲ್ಲ.

ಪ್ರಶ್ನೆ: ದಿನಾ ಬೆಳಗ್ಗೆ 6ಕ್ಕೆ ಆನ್ ಆಗೋ ಹಾಗೆ ಮಿಲಿಸ್‌ನಲ್ಲೇ ಮಾಡ್ಬಹುದಾ? (ಓದುಗರು, ಶಿರಾ)

ಉತ್ತರ: ಆಗಲ್ಲ. ಕರೆಂಟ್ ಹೋಗಿ ಬಂದ್ರೆ ಮಿಲಿಸ್ ಸೊನ್ನೆಯಿಂದ ಶುರು, ನಮ್ಮ ಹಳ್ಳಿ ಕಡೆ ತ್ರೀ ಫೇಸ್ ಹೇಗೆ ಬಂದು ಹೋಗುತ್ತೆ ನಿಮಗೇ ಗೊತ್ತು. ಕರೆಂಟ್ ಇದ್ರೂ ಯೂನೋ ಆರ್3ಯ ಮುಖ್ಯ ಚಿಪ್‌ಗೆ ಗಡಿಯಾರ ಕೊಡೋದು ಸಿರಾಮಿಕ್ ರೆಸೊನೇಟರ್, ಅರ್ಧ ಪರ್ಸೆಂಟ್ ವ್ಯತ್ಯಾಸ ಇದ್ರೆ ದಿನಕ್ಕೆ 7 ನಿಮಿಷ ಆಚೀಚೆ. ಡಿಎಸ್3231 ಅನ್ನೋ ಆರ್‌ಟಿಸಿ, ಅಂದ್ರೆ ಗಡಿಯಾರದ ಮಾಡ್ಯೂಲ್ ತಗೊಳ್ಳಿ, ಬಟನ್ ಸೆಲ್ ಹಾಕಿದ್ರೆ ಕರೆಂಟ್ ಇಲ್ದಿದ್ರೂ ಟೈಮ್ ಇಟ್ಕೊಳ್ಳುತ್ತೆ, ಬಿಸಿಲು ಚಳಿಗೆ ತಕ್ಕಂತೆ ತಾನೇ ಸರಿ ಮಾಡ್ಕೊಳ್ಳುತ್ತೆ, ವರ್ಷಕ್ಕೆ ಒಂದು ನಿಮಿಷದ ಆಸುಪಾಸು ತಪ್ಪಬಹುದು ಅಷ್ಟೇ. 6 ಗಂಟೆ ಆಯ್ತಾ ಅಂತ ಆರ್‌ಟಿಸಿನ ಕೇಳಿ, ಅರ್ಧ ಗಂಟೆ ಓಡ್ತಾ ಅಂತ ಮಿಲಿಸ್‌ನ ಕೇಳಿ.