ನಿಮ್ಮ ಕಡತದಲ್ಲಿ ಇರುವುದು ಕನ್ನಡವಲ್ಲ

(ಧಾರವಾಡದ ಓದುಗರೊಬ್ಬರು, ನಿವೃತ್ತ ಕನ್ನಡ ಅಧ್ಯಾಪಕರು, ಬರೆದ ಪತ್ರದ ಸಾರ: ಹಳಗನ್ನಡ ಶಬ್ದಗಳ ಮೇಲೆ ವರ್ಷಗಟ್ಟಲೆ ಕೂತು ಮಾಡಿದ 340 ಪುಟಗಳ ಟಿಪ್ಪಣಿ ‘ನುಡಿ’ ತಂತ್ರಾಂಶದಲ್ಲಿದೆ. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ. ಪತ್ರಿಕೆಗೆ ಕಳಿಸಿದರೆ ‘ಯೂನಿಕೋಡಿನಲ್ಲಿ ಕಳಿಸಿ’ ಎಂಬ ಉತ್ತರ. ನುಡಿ ನಮ್ಮದು, ಯೂನಿಕೋಡ್ ಅಮೆರಿಕದ ಕಂಪನಿಗಳ ಕೂಟ. ನಮ್ಮದನ್ನು ಬಿಟ್ಟು ಅವರದನ್ನು ಯಾಕೆ ಹಿಡಿಯಬೇಕು? ಪಿಡಿಎಫ್ ಮಾಡಿ ಇಟ್ಟುಕೊಂಡರೆ ಸಾಲದೆ?)

ಮಾನ್ಯರೇ,

ನಿಮ್ಮ ಸಿಟ್ಟಿನಲ್ಲಿ ಅರ್ಧ ನಮಗೂ ಇದೆ. ಉಳಿದರ್ಧ ತಪ್ಪು ವಿಳಾಸಕ್ಕೆ ಹೋಗಿದೆ.

‘ಕನ್ನಡ’ ಎಂಬ ಒಂದೇ ಪದವನ್ನು ತೆಗೆದುಕೊಳ್ಳೋಣ. ನುಡಿ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಏಳು ಗುರುತುಗಳಾಗಿ ಕಾಣುತ್ತದೆ: ದೊಡ್ಡ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಮತ್ತೊಮ್ಮೆ ಅದೇ ಎ. ಇದು ವೈರಸ್ಸಲ್ಲ, ಕಡತ ಕೆಟ್ಟದ್ದೂ ಅಲ್ಲ. ಕಡತದಲ್ಲಿ ಮೊದಲಿನಿಂದಲೂ ಇದ್ದದ್ದೇ ಅದು. ಪಿ ಇರುವ ಕಡೆ ತಲೆಕಟ್ಟಿಲ್ಲದ ಕಕಾರದ ಚಿತ್ರ, ಗೀಟಿನ ಎ ಇರುವ ಕಡೆ ತಲೆಕಟ್ಟು, ಪೌಂಡಿನ ಕಡೆ ನಕಾರದ ಒಡಲು, ಜೋಡಿ ಎಸ್ ಕಡೆ ನಕಾರದ ಒತ್ತು, ಕ್ಯೂ ಕಡೆ ಡಕಾರದ ಒಡಲು. ಫಾಂಟು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಕಟ್ಟುತ್ತದೆ, ಅಷ್ಟೆ. ನಿಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಕಂಡದ್ದು ಯಕ್ಷಗಾನದ ಚೌಕಿಯಲ್ಲಿ ಕಿರೀಟ ಬಿಚ್ಚಿಟ್ಟು ಕೂತ ವೇಷಧಾರಿಯನ್ನು.

ಯೂನಿಕೋಡ್ ಎಂದರೆ ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಕೇತ ಗೊತ್ತುಮಾಡಿದ ಪಟ್ಟಿ. ಅದರಲ್ಲಿ ಅದೇ ಪದ ಐದು ಸಂಕೇತ: ಕ, ನ, ವಿರಾಮ (ಅಕಾರವನ್ನು ಕಳೆಯುವ ಹಲಂತದ ಗುರುತು), ನ, ಡ. ನೀವು ತರಗತಿಯಲ್ಲಿ ಸಂಯುಕ್ತಾಕ್ಷರ ಬಿಡಿಸಿ ಹೇಳುತ್ತಿದ್ದ ರೀತಿಯೇ ಇದು. ತಲೆಕಟ್ಟಿಗೆ, ಒತ್ತಿನ ಆಕಾರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ಅವನ್ನು ಕಟ್ಟುವುದು ಫಾಂಟಿನ ಕೆಲಸ. ಹಾಗಾಗಿ ಫಾಂಟು ಯಾವುದೇ ಇರಲಿ, ಪದ ಪದವಾಗಿಯೇ ಉಳಿಯುತ್ತದೆ. ಹುಡುಕಿದರೆ ಸಿಗುತ್ತದೆ, ಅಕಾರಾದಿಯಾಗಿ ಜೋಡಿಸಬಹುದು. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕಣ್ಣು ಕಾಣದವರಿಗೆ ಪಠ್ಯವನ್ನು ಓದಿ ಹೇಳುತ್ತದೆ. ಯೂನಿಕೋಡ್ ಕನ್ನಡವನ್ನು ಅದು ಕನ್ನಡವಾಗಿ ಓದುತ್ತದೆ; ನಿಮ್ಮ ಕಡತ ಕೊಟ್ಟರೆ ಪಿ, ಎ, ಪೌಂಡ್ ಎಂದು ಶುರುಮಾಡುತ್ತದೆ.

ಇದರಲ್ಲಿ ನುಡಿಯ ತಪ್ಪಿಲ್ಲ. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂದಾಗ, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಾಗ, ಮನೆ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಬೇರೆ ದಾರಿಯೇ ಇರಲಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, 128 ಮನೆಗಳ ಒಂದು ಕೇರಿ. ಆದರೆ ಒತ್ತಕ್ಷರ ಜೋಡಿಸಿ ತೋರಿಸುವ ಬಲ ವಿಂಡೋಸಿಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನೊಡನೆ. ಮುದ್ರಣಾಲಯಗಳು ಪುಟ ಜೋಡಿಸುವ ತಂತ್ರಾಂಶವಾದ, ಅದೇ 2001ರ ಪೇಜ್‌ಮೇಕರ್ 7ಕ್ಕೆ ಅಂಟಿಕೊಂಡವು. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ, ಅದರ ಮುಂದಿನ ಆವೃತ್ತಿ ಬರಲೇ ಇಲ್ಲ. ಅದರ ಜಾಗಕ್ಕೆ ಅಡೋಬಿ ತಂದ ಇನ್‌ಡಿಸೈನಿನ ಸಾಮಾನ್ಯ ಆವೃತ್ತಿ ಭಾರತೀಯ ಲಿಪಿಗಳನ್ನು ನೆಟ್ಟಗೆ ಜೋಡಿಸಲು 2012ರ ಸಿಎಸ್6ರ ತನಕ ಕಾಯಬೇಕಾಯಿತು. ಹನ್ನೊಂದು ವರ್ಷ! ಕಂಪನಿಗಳ ಮೇಲೆ ಸಿಟ್ಟು ಮಾಡಬೇಕಾದ ಜಾಗ ಇದು. ನಿಮ್ಮ ಟಿಪ್ಪಣಿ ನುಡಿಯಲ್ಲಿ ಬೆಳೆದದ್ದಕ್ಕೂ ಈ ವಿಳಂಬಕ್ಕೂ ನೇರ ಸಂಬಂಧವಿದೆ.

ಯೂನಿಕೋಡ್ ಅಮೆರಿಕದ ಕಂಪನಿಗಳ ಕೂಟ ಎನ್ನುವುದೂ ಸುಳ್ಳಲ್ಲ. ಆ ಒಕ್ಕೂಟದಲ್ಲಿ ಮತ ಹಾಕುವವರಲ್ಲಿ ಹೆಚ್ಚಿನವರು ಗೂಗಲ್, ಆಪಲ್, ಮೈಕ್ರೋಸಾಫ್ಟ್‌ನಂಥವರೇ. ಆದರೆ ಅವರು ತಮ್ಮ ಕೈಯನ್ನು ತಾವೇ ಕಟ್ಟಿಹಾಕಿಕೊಂಡಿದ್ದಾರೆ: ಒಮ್ಮೆ ಕೊಟ್ಟ ಸಂಕೇತವನ್ನು ಕಿತ್ತುಹಾಕುವಂತಿಲ್ಲ, ಜಾಗ ಬದಲಿಸುವಂತಿಲ್ಲ, ಹೆಸರನ್ನೂ ತಿದ್ದುವಂತಿಲ್ಲ. ಹಳಗನ್ನಡದವರಾದ ನಿಮಗೆ ಇದರ ಒಂದು ತಮಾಷೆಯ ಪುರಾವೆ ರುಚಿಸೀತು. ‘ರಳ’ ಎನ್ನುವ ನಮ್ಮ ೞ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿರುವ ಅಧಿಕೃತ ಹೆಸರು ‘ಕನ್ನಡ ಲೆಟರ್ ಫಾ’! ಯಾರೋ ತಪ್ಪಾಗಿ ಬರೆದರು. ತಪ್ಪೆಂದು ಗೊತ್ತಾದ ಮೇಲೂ ಅಳಿಸಲಾಗದೆ, ಪಕ್ಕದಲ್ಲಿ ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಬರೆದು ಕೈತೊಳೆದುಕೊಂಡರು. ನಗು ಬರುತ್ತದೆ, ಆದರೆ ಕಡತ ಉಳಿಸಿಕೊಳ್ಳಬೇಕಾದವನಿಗೆ ಬೇಕಾದದ್ದು ಇಂಥ ಹಟವೇ. ಕಂಪನಿಯೊಂದು ಕೊಡುವ ತಂತ್ರಾಂಶಕ್ಕೆ ಆ ಭರವಸೆ ಇಲ್ಲ. ಗೂಗಲ್ ವಿಂಡೋಸಿಗೆಂದು ಕೊಟ್ಟಿದ್ದ ಇನ್‌ಪುಟ್ ಟೂಲ್ಸ್ ಅನ್ನು ಹಿಂದಕ್ಕೆ ತೆಗೆದುಕೊಂಡಿತು. ಆದರೂ ಅದರಲ್ಲಿ ಟೈಪಿಸಿದ ಒಂದು ಅಕ್ಷರವೂ ಹಾಳಾಗಲಿಲ್ಲ, ಅದು ಯೂನಿಕೋಡಿನಲ್ಲಿ ಇತ್ತಲ್ಲ.

ಇನ್ನು ಪಿಡಿಎಫ್. ಮಾಡಿ, ಖಂಡಿತ ಮಾಡಿ, ಆದರೆ ಅದು ಸಾಕ್ಷಿ ಮಾತ್ರ. ಪಿಡಿಎಫ್ ಒಳಗೆ ಫಾಂಟು ಸೇರಿಕೊಂಡಿರುವುದರಿಂದ ಕಾಣುವುದೇನೋ ಸರಿಯಾಗಿಯೇ ಕಾಣುತ್ತದೆ. ಅಲ್ಲಿಂದ ಒಂದು ಸಾಲು ಕಾಪಿ ಮಾಡಿ ನೋಡಿ, ಅದೇ ಪೌಂಡ್, ಅದೇ ಗೀಟಿನ ಎ.

ಪರಿವರ್ತನೆಗೆ ಬರೋಣ. ಹಳೆಯ ಯಂತ್ರ ಇನ್ನೂ ಏಳುತ್ತಿದ್ದರೆ ಕೆಲಸ ಅಲ್ಲಿಂದಲೇ ಶುರುವಾಗಲಿ. ಮೂಲ ಕಡತಗಳನ್ನು ಎರಡು ಪೆನ್‌ಡ್ರೈವಿಗೆ ನಕಲು ಮಾಡಿ, ಮೂಲವನ್ನು ಮುಟ್ಟಬೇಡಿ. ನಕಲಿನಲ್ಲಿ ಮೊದಲು ಇಂಗ್ಲಿಷ್ ಪದಗಳನ್ನು ಗುರುತಿಸಬೇಕು. ಪರಿವರ್ತಕಕ್ಕೆ ಬರೀ ಪಠ್ಯ ಕೊಟ್ಟರೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷದ್ದು ಎಂದು ಅದಕ್ಕೆ ತಿಳಿಯುವುದಿಲ್ಲ. ಲೇಖಕರ ಹೆಸರು, ಮಿಂಚಂಚೆ ವಿಳಾಸ ಎಲ್ಲವನ್ನೂ ಅದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ವರ್ಡ್‌ನ ಫೈಂಡ್ ಕಿಟಕಿಯಲ್ಲಿ ಪದದ ಜಾಗ ಖಾಲಿ ಬಿಟ್ಟು, ಫಾರ್ಮ್ಯಾಟ್‌ನಲ್ಲಿ ಫಾಂಟ್ ಆರಿಸಿ, ನೀವು ಬಳಸಿದ ಇಂಗ್ಲಿಷ್ ಫಾಂಟಿನ ಹೆಸರು ಕೊಡಿ. ಸಿಕ್ಕಿದ್ದಕ್ಕೆಲ್ಲ ಒಟ್ಟಿಗೆ ಕೆಂಪು ಬಣ್ಣ ಹಚ್ಚಿ. ಆಮೇಲೆ ಪಿಡಿಎಫ್ ಮಾಡಿ. ಪರಿವರ್ತನೆಯಾದ ಮೇಲೆ ಎಲ್ಲೆಲ್ಲಿ ಇಂಗ್ಲಿಷನ್ನು ಮತ್ತೆ ಟೈಪಿಸಬೇಕು ಎಂಬುದಕ್ಕೆ ಆ ಕೆಂಪೇ ಗುರುತು.

ಪರಿವರ್ತಕ ಯಾವುದು? ನುಡಿ, ಬರಹ ಎರಡರ ಜೊತೆಗೂ ಇದಕ್ಕೆಂದೇ ಸಲಕರಣೆ ಇದೆ. ಅವುಗಳ ಹಳೆಯ ಫಾಂಟುಗಳ ಸಂಕೇತಪಟ್ಟಿ ಬಹುಪಾಲು ಒಂದೇ ಆದ್ದರಿಂದ ಒಂದರ ಕಡತ ಇನ್ನೊಂದರಲ್ಲಿ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದಲ್ಲಿ ಮಾಡಿದ ಅಧ್ಯಾಯವೇನಾದರೂ ಇದ್ದರೆ ಬೇರೆ ಇಡಿ, ಅದರ ಪಟ್ಟಿಯೇ ಬೇರೆ. ಜಾಲತಾಣದ ಪರಿವರ್ತಕಗಳೂ ಇವೆ. ಅಚ್ಚಾಗದ ಹಸ್ತಪ್ರತಿಯನ್ನು ಅಂಥಲ್ಲಿ ಸುರಿಯುವ ಮುನ್ನ ಪುಟ ತೆರೆದುಕೊಂಡು ಇಂಟರ್ನೆಟ್ ಸಂಪರ್ಕ ಕಿತ್ತು, ಒಂದು ಸಾಲು ಪರಿವರ್ತಿಸಿ ನೋಡಿ. ಆಗಲೂ ಕೆಲಸ ಮಾಡಿದರೆ ಪರಿವರ್ತನೆ ನಿಮ್ಮ ಯಂತ್ರದಲ್ಲೇ ಆಗುತ್ತಿದೆ ಎಂದರ್ಥ. ಮಾಡದಿದ್ದರೆ ನಿಮ್ಮ ಬರಹ ಇನ್ಯಾರದೋ ಸರ್ವರಿಗೆ ಹೋಗುತ್ತದೆ.

340 ಪುಟವನ್ನು ಒಟ್ಟಿಗೆ ಹಾಕಬೇಡಿ. ಮೊದಲು ಐದು ಪುಟ, ಅದೂ ಒತ್ತಕ್ಷರ ಹೆಚ್ಚಿರುವ ಪುಟ. ಪಕ್ಕದಲ್ಲಿ ಪಿಡಿಎಫ್ ಇಟ್ಟುಕೊಂಡು ಅಕ್ಷರ ಅಕ್ಷರ ಓದಿ. ತಪ್ಪುಗಳು ಅಲ್ಲಲ್ಲಿ ಚೆಲ್ಲಿಕೊಂಡಿರುವುದಿಲ್ಲ, ಒಂದೇ ಜಾತಿಯವು ಮತ್ತೆ ಮತ್ತೆ ಬರುತ್ತವೆ. ಐದು ಪುಟದಲ್ಲಿ ಅವುಗಳ ಪಟ್ಟಿ ಸಿಕ್ಕಿಬಿಡುತ್ತದೆ.

ಹೆಚ್ಚು ಎಡವುವುದು ಅರ್ಕಾವೊತ್ತಿನಲ್ಲಿ. ‘ಕರ್ನಾಟಕ’ವನ್ನು ನುಡಿ ಕಣ್ಣಿಗೆ ಕಂಡ ಕ್ರಮದಲ್ಲಿ ಇಡುತ್ತದೆ: ಕ, ನಾ, ಆಮೇಲೆ ಅರ್ಕಾವೊತ್ತು, ಟ, ಕ. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಇಡುತ್ತದೆ: ಕ, ರ, ವಿರಾಮ, ನ, ದೀರ್ಘ, ಟ, ಕ. ಪರಿವರ್ತಕ ಅರ್ಕಾವೊತ್ತನ್ನು ಹಿಡಿದು ಗುಣಿತವನ್ನೂ ಒತ್ತನ್ನೂ ದಾಟಿಸಿ ಹಿಂದಕ್ಕೆ ಒಯ್ಯಬೇಕು. ‘ಮೂರ್ತಿ’ಯಲ್ಲಿ ಸಲೀಸು. ‘ವೈಶಿಷ್ಟ್ಯ’ದಂತೆ ಎರಡು ಒತ್ತಿರುವಲ್ಲಿ, ‘ದೀರ್ಘ’, ‘ನಿರ್ದೈವ’ದಂತೆ ಅರ್ಕಾವೊತ್ತಿಗೆ ದೀರ್ಘವೋ ಐತ್ವವೋ ಮಹಾಪ್ರಾಣವೋ ಜೊತೆಯಾದಲ್ಲಿ ಕಣ್ಣಿಡಿ.

ಎರಡನೆಯದು ಕಣ್ಣಿಗೆ ಬೀಳದ ತಪ್ಪು. ‘ಕೇ’ ಅನ್ನು ಕ ಮತ್ತು ಏತ್ವ ಎಂದೂ ಬರೆಯಬಹುದು. ಕ, ಎತ್ವ, ದೀರ್ಘದ ಗುರುತು ಎಂದು ಬಿಡಿಬಿಡಿಯಾಗಿಯೂ ಬರೆಯಬಹುದು. ಎರಡೂ ಒಂದೇ ರೀತಿ ಕಾಣುತ್ತವೆ. ಕಳಪೆ ಪರಿವರ್ತಕ ಎರಡನೆಯದನ್ನು ಕೊಡುತ್ತದೆ, ಆಮೇಲೆ ‘ಕೇಳ್’ ಎಂದು ಹುಡುಕಿದರೆ ಸಿಗದೆ ಹೋಗಬಹುದು. ಪರೀಕ್ಷೆ ಸುಲಭ: ‘ಕೇ’ ಬಲಕ್ಕೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿ. ‘ಕ’ ಉಳಿದರೆ ಸರಿ, ‘ಕೆ’ ಉಳಿದರೆ ಬಿಡಿಬಿಡಿಯಾಗಿ ಬಂದಿದೆ. ಬೇರೆ ಪರಿವರ್ತಕ ಹಿಡಿಯಿರಿ.

ಟೈಪು ಮಾಡಿದವರ ಅಭ್ಯಾಸದಿಂದ ಬಂದ ತಪ್ಪುಗಳೂ ಇರುತ್ತವೆ. ಅನುಸ್ವಾರದ ಸೊನ್ನೆಯ ಜಾಗದಲ್ಲಿ ಕನ್ನಡ ಅಂಕಿ ೦ ಹಾಕಿ ‘ಬ೦ದ’ ಎಂದು, ಅರ್ಕಾವೊತ್ತಿನ ಜಾಗದಲ್ಲಿ ಅಂಕಿ ೯ ಹಾಕಿ ‘ಕನಾ೯ಟಕ’ ಎಂದು ಟೈಪಿಸುವುದು ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ರೂಢಿಯಾಗಿತ್ತು. ಕಾಗದದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಅಕಾರಾದಿ ಪಟ್ಟಿ ಮಾಡುವ ದಿನ ಗೊತ್ತಾಗುತ್ತದೆ. ಪರಿವರ್ತಿತ ಕಡತದಲ್ಲಿ ೦ ಮತ್ತು ೯ ಹುಡುಕಿ, ಒಂದೊಂದಾಗಿ ತಿದ್ದಿ. ‘ಎಲ್ಲವನ್ನೂ ಬದಲಿಸು’ ಒತ್ತಿದರೆ ನಿಮ್ಮ ಇಸವಿ, ಪದ್ಯಸಂಖ್ಯೆಗಳೆಲ್ಲ ಹೋದವು.

ವರ್ಡ್‌ನ ಅತಿಬುದ್ಧಿಯದೂ ಒಂದು ಪಾಲು. ವಾಕ್ಯದ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುವ ಆಟೋಕರೆಕ್ಟ್ ಚಾಲೂ ಇದ್ದರೆ, ‘ಡಂಗುರ’ದಿಂದ ಶುರುವಾಗುವ ವಾಕ್ಯದ ಸಣ್ಣ ಕ್ಯೂ ದೊಡ್ಡ ಕ್ಯೂ ಆಗುತ್ತದೆ. ನುಡಿಯಲ್ಲಿ ದೊಡ್ಡ ಕ್ಯೂ ಎಂದರೆ ‘ಕಿ’. ವಾಕ್ಯಾರಂಭದ ಡಕಾರಗಳನ್ನು ಒಮ್ಮೆ ನೋಡಿಬಿಡಿ.

‘ರಾಜ್‌ಕುಮಾರ್’ ‘ರಾಜ್ಕುಮಾರ್’ ಆಗದಂತೆ ನಡುವೆ ಕಾಣದ ಒಂದು ತಡೆಗುರುತು ಬೇಕು. ‘ರ‍್ಯಾಂಕ್’ನಲ್ಲಿ ಅರ್ಕಾವೊತ್ತಿನ ಬದಲು ಪೂರ್ತಿ ರಕಾರ ಬೇಕಾದರೆ ರ ಮತ್ತು ವಿರಾಮದ ನಡುವೆ ಕಾಣದ ಕೂಡುಗುರುತು ಬೇಕು. ಇವನ್ನು ಪರಿವರ್ತಕ ಊಹಿಸಿ ಹಾಕುತ್ತದೆ. ಹಳಗನ್ನಡದ ಹಲಂತ ರೂಪಗಳ ಮುಂದೆ ಅಂತರವಿಲ್ಲದೆ ಇನ್ನೊಂದು ಪದ ಬಂದಲ್ಲಿ ಊಹೆ ತಪ್ಪುವುದು ಸಹಜ.

ಕೆಲವು ಅಧ್ಯಾಯ ಪೇಜ್‌ಮೇಕರಿನಲ್ಲಿ ಮಾತ್ರ ಇವೆ ಎಂದಿದ್ದೀರಿ. ಲಿಬ್ರೆಆಫೀಸ್‌ಗೆ ಪೇಜ್‌ಮೇಕರ್ ಕಡತ ತೆರೆಯಲು ಬರುತ್ತದೆ. ಪುಟವಿನ್ಯಾಸ ಕದಡುತ್ತದೆ, ಪಠ್ಯ ಬಹುಮಟ್ಟಿಗೆ ಸಿಗುತ್ತದೆ. ನಿಮಗೆ ಬೇಕಾದದ್ದು ಪಠ್ಯವೇ. ಅಚ್ಚಾದ ಪುಟ ಬಿಟ್ಟರೆ ಏನೂ ಉಳಿದಿಲ್ಲದ ಅಧ್ಯಾಯಕ್ಕೆ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವಿಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಗುರುತಿಸಿ ಕೊಡುತ್ತದೆ. ಹಳಗನ್ನಡಕ್ಕೆ ಅದನ್ನು ನೆಚ್ಚಬೇಡಿ.

ನಿಮ್ಮ ಮುದ್ರಕರು ‘ಯೂನಿಕೋಡ್ ಹಾಕಿದರೆ ಒತ್ತು ಪಕ್ಕಕ್ಕೆ ಹೋಗುತ್ತದೆ’ ಎಂದರಂತೆ. ಇನ್‌ಡಿಸೈನಿನ ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿದರೆ ಒತ್ತು ತನ್ನ ಜಾಗಕ್ಕೆ ಬರುತ್ತದೆ. ಅದನ್ನು ಪ್ಯಾರಾಗ್ರಾಫ್ ಸ್ಟೈಲಿನಲ್ಲೇ ಇಡಬೇಕು, ಇಲ್ಲವಾದರೆ ಪ್ರತಿ ಹೊಸ ಚೌಕಟ್ಟಿನಲ್ಲೂ ಅದೇ ಗೋಳು. ಚಂದಾ ಕಟ್ಟಲಾಗದ ಸಣ್ಣ ಮುದ್ರಕರಿಗೆ ಉಚಿತವಾದ ಸ್ಕ್ರೈಬಸ್ ಇದೆ, 2024ರ 1.6ನೇ ಆವೃತ್ತಿ ಕನ್ನಡವನ್ನು ಜೋಡಿಸಬಲ್ಲದು. ಫಾಂಟಿಗೆ ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಎರಡೂ ಮುಕ್ತ ಪರವಾನಗಿಯವು. ಫಾಂಟು ಬದಲಾದರೆ ಅಕ್ಷರದ ಗಾತ್ರ, ಸಾಲುಗಳ ನಡುವಿನ ಜಾಗ ಎರಡೂ ಬದಲಾಗುತ್ತವೆ. ಪುಟಸಂಖ್ಯೆ ಲೆಕ್ಕ ಹಾಕಿ ಕಾಗದ ಕೊಳ್ಳುವ ಮುನ್ನ ಒಂದು ಅಧ್ಯಾಯ ಜೋಡಿಸಿ ನೋಡಿ.

ಇನ್ನು ಮುಂದೆ ಬರೆಯುವುದಕ್ಕೆ ನುಡಿಯನ್ನೇ ಬಿಡಬೇಕಿಲ್ಲ. ಅದರ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಆಯ್ಕೆ ಇದೆ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಅದೇ ಕೀಲಿಮಣೆ. ನಿಮ್ಮ ಬೆರಳು ಹೊಸದೇನೂ ಕಲಿಯಬೇಕಿಲ್ಲ.

ಮೊದಲ ಅಧ್ಯಾಯವನ್ನು ಯೂನಿಕೋಡಿನ ವರ್ಡ್ (.docx) ಕಡತವಾಗಿಯೂ, ನುಡಿಯಿಂದ ತೆಗೆದ ಪಿಡಿಎಫ್ ಆಗಿಯೂ, ಎರಡನ್ನೂ ಕಳಿಸಿಕೊಡಿ. ಜೊತೆಗೆ ಒಂದು ಚೀಟಿ: ಱ, ೞ ಬರುವ ಪುಟಗಳು ಯಾವುವು, ಹಳೆಯ ಕಡತದಲ್ಲಿ ಅವುಗಳ ಬದಲು ಏನು ಟೈಪಿಸಿದ್ದಿರಿ ಎಂದು. ‘ಏೞು’ ಎಂದಿರಬೇಕಾದಲ್ಲಿ ‘ಏಳು’ ಎಂದಿದ್ದರೆ ಅದನ್ನು ಯಾವ ಪರಿವರ್ತಕವೂ ಹಿಡಿಯಲಾರದು. ಅದು ನೀವೇ ಕೂತು ಮಾಡಬೇಕಾದ ಕೆಲಸ.

– ಸಂಪಾದಕ